ಹಳೆಯ 407 ಲಾರಿಗೆ ಯಾವ ಎಂಜಿನ್ ಆಯಿಲ್ ಸೂಕ್ತ?

ಪ್ರಶ್ನೆ: ಬದಿಯಡ್ಕದ ಕೃಷಿಕ

ಬಲ್ಲವರೆಲ್ಲರಿಗೂ ನಮಸ್ಕಾರ. ತಂದೆಯವರು ಕೊಂಡಿದ್ದ 1999ರ ಟಾಟಾ 407 ಲಾರಿ ಇಂದಿಗೂ ನಮ್ಮ ಮನೆಯ ದುಡಿಮೆಯಲ್ಲಿದೆ. ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಎಂಜಿನ್, ಇದುವರೆಗೆ ಬಿಚ್ಚಿದ್ದಿಲ್ಲ. ಬೇಸಗೆಯಲ್ಲಿ ಕೋರೆಯಿಂದ ಮುರಕಲ್ಲು ಹೇರುತ್ತೇವೆ, ಕೊಯ್ಲಿನ ಕಾಲಕ್ಕೆ ಅಡಿಕೆ ಮತ್ತು ತೆಂಗಿನಕಾಯಿ ತುಂಬಿಕೊಂಡು ಪೆರ್ಲ, ಅಡ್ಕಸ್ಥಳದ ದಾರಿಯಾಗಿ ವಿಟ್ಲದ ಕಡೆಗೆ ಹೋಗುತ್ತೇವೆ. ಮಳೆಗಾಲದಲ್ಲಿ ಮಾತ್ರ ವಾರಕ್ಕೆ ಎರಡು ಸಲ ಪೇಟೆಗೆ ಹೋಗಿಬಂದರೆ ಅದೇ ಹೆಚ್ಚು.

ಕಳೆದ ಬೇಸಗೆಯಿಂದೀಚೆಗೆ ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್ ಮುಗಿಯುತ್ತಿದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುತ್ತದೆ. ಇಷ್ಟು ವರ್ಷ 15ಡಬ್ಲ್ಯು-40 ಹಾಕುತ್ತಿದ್ದೆವು. ಈಗ ಗ್ಯಾರೇಜಿನವರು 20ಡಬ್ಲ್ಯು-50 ಹಾಕಿ ಎನ್ನುತ್ತಾರೆ, ಅಂಗಡಿಯವರು ಎಲ್ಲಕ್ಕಿಂತ ಹೊಸದಾದ ಸಿಕೆ-4 ಒಯ್ಯಿರಿ ಎನ್ನುತ್ತಾರೆ, ನಮ್ಮ ಭಾವನವರು ಹೊಸ ಆಯಿಲ್ ಒಳಗಿನ ಕೊಳೆಯನ್ನೆಲ್ಲ ಕರಗಿಸಿ ಸೋರಿಕೆ ತರಿಸುತ್ತದೆಂದು ಎಚ್ಚರಿಸುತ್ತಾರೆ. ಮೂವರೂ ನನಗಿಂತ ಅನುಭವಸ್ಥರು, ಆದ್ದರಿಂದಲೇ ಗೊಂದಲವಾಗಿದೆ. ಲಾರಿಯನ್ನು ಮಾರುವ ಮನಸ್ಸಿಲ್ಲ. ಇನ್ನೂ ಕೆಲವು ವರ್ಷ ಚೆನ್ನಾಗಿ ಓಡಬೇಕೆಂಬುದೇ ಆಸೆ.

ಉತ್ತರ: ಉಪ್ಪಳದ ಲಾರಿ ಮಾಲೀಕ

ನನ್ನ ಹಳೆಯ ಲಾರಿಗೂ ಇದೇ ಸ್ಥಿತಿ ಬಂದಿತ್ತು. 20ಡಬ್ಲ್ಯು-50 ಹಾಕಿದ ದಿನವೇ ಪ್ರೆಶರಿನ ಮುಳ್ಳು ಮೇಲೇರಿತು, ಆಯಿಲ್ ಮುಗಿಯುವುದೂ ಕಡಿಮೆಯಾಯಿತು, ಎರಡು ಬೇಸಗೆ ನೆಮ್ಮದಿಯಿಂದ ಓಡಿಸಿದೆ. ಆದರೆ ಆ ನೆಮ್ಮದಿಯಲ್ಲಿ ಬೇರಿಂಗುಗಳು ಸವೆಯುತ್ತಿದ್ದುದು ನನಗೆ ಗೊತ್ತಾಗಲಿಲ್ಲ. ಕೊನೆಗೆ ಎಂಜಿನ್ ಬಿಚ್ಚಿದಾಗ ಬೇರಿಂಗಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟನ್ನೂ ಗ್ರೈಂಡಿಂಗ್ ಮಾಡಿಸಬೇಕಾಯಿತು. ಮೊದಲೇ ಬಿಚ್ಚಿದ್ದರೆ ಬೇರಿಂಗ್ ಶೆಲ್ಲುಗಳನ್ನು ಬದಲಿಸಿದ್ದರೆ ಸಾಕಾಗುತ್ತಿತ್ತು. ದಪ್ಪ ಆಯಿಲ್ ಹಾಕಲೇಬಾರದೆಂದು ಹೇಳುತ್ತಿಲ್ಲ. ಹಾಕಿದ ಮೇಲೆ ಮುಳ್ಳನ್ನು ನಂಬಿ ಕೂರಬೇಡಿ ಎಂದಷ್ಟೇ ಹೇಳುತ್ತಿದ್ದೇನೆ.

ಉತ್ತರ: ಆಟೊಮೊಬೈಲ್ ಉಪನ್ಯಾಸಕ, ಕಾಸರಗೋಡು

ತಾವು ಕೇಳಿದ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅಳತೆಗಳು ಬೆರೆತಿವೆ. 15ಡಬ್ಲ್ಯು-40 ಎಂಬುದು ಆಯಿಲಿನ ದಪ್ಪದ ಅಳತೆ, ಸಿಕೆ-4 ಎಂಬುದು ಅದರ ಗುಣಮಟ್ಟದ ದರ್ಜೆ. ಒಂದೇ ದಪ್ಪದ ಆಯಿಲ್ ಹಲವು ದರ್ಜೆಗಳಲ್ಲಿ ಸಿಗುತ್ತದೆ.

ಮೊದಲು ದಪ್ಪದ ವಿಚಾರ. ಡಬ್ಲ್ಯು ಅಕ್ಷರದ ಹಿಂದಿನ ಸಂಖ್ಯೆ ಚಳಿಯ ದೇಶಗಳಿಗೆ ಸಂಬಂಧಿಸಿದ್ದು: 15ಡಬ್ಲ್ಯು ಆಯಿಲ್ ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ಆಯಿಲ್ 15 ಡಿಗ್ರಿ ಕೆಳಗೆ ಎಂಜಿನ್ ಸ್ಟಾರ್ಟ್ ಮಾಡುವಾಗ ಹೇಗಿರುತ್ತದೆಂದು ಪರೀಕ್ಷಿಸುತ್ತಾರೆ. ನಮ್ಮ ಊರಿನ ಮಾಗಿ ಚಳಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಮುಖ್ಯವಾದದ್ದು ಎರಡನೆಯ ಸಂಖ್ಯೆ. 100 ಡಿಗ್ರಿ ಬಿಸಿಯಲ್ಲಿ 40ರ ಆಯಿಲಿನ ಸ್ನಿಗ್ಧತೆ, ಎಂದರೆ ದಪ್ಪ, 12.5ರಿಂದ 16.3 ಸೆಂಟಿಸ್ಟೋಕ್ಸಿನ ಒಳಗೆ, 50ರದ್ದು 16.3ರಿಂದ 21.9ರ ಒಳಗೆ ಇರಬೇಕು. ಸವೆದ ಬೇರಿಂಗಿನ ಸಂದಿಯಿಂದ ತೆಳುವಾದ ಆಯಿಲ್ ಬೇಗ ಜಾರಿಹೋಗುವುದರಿಂದ ಪ್ರೆಶರ್ ಇಳಿಯುತ್ತದೆ. ದಪ್ಪ ಆಯಿಲ್ ಅಲ್ಲಿ ತಡೆದು ನಿಲ್ಲುವುದರಿಂದ ಮುಳ್ಳು ಏರುತ್ತದೆ. ಮುಳ್ಳು ತೋರಿಸುವುದು ಆಯಿಲಿನ ಹರಿವಿಗಿರುವ ತಡೆಯನ್ನು. ಬೇರಿಂಗಿಗೆ ಎಷ್ಟು ಆಯಿಲ್ ತಲುಪಿತೆಂಬುದನ್ನಲ್ಲ. ಮೇಲೆ ಉಪ್ಪಳದವರು ಹೇಳಿದ ಅನುಭವದ ಹಿಂದಿರುವ ಕಾರಣವೂ ಇದೇ.

ಇನ್ನು ದರ್ಜೆಯ ವಿಚಾರ. ಎಸ್ ಅಕ್ಷರದಿಂದ ಆರಂಭವಾಗುವವು ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದವು ಡೀಸೆಲ್ ಎಂಜಿನ್ನಿಗೆ. ಸಿಎಚ್-4 ದರ್ಜೆ 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಯಲ್ಲಿ ಬಳಕೆಗೆ ಬಂದವು. ಸಿಕೆ-4 ಆಯಿಲನ್ನು ಹಳೆಯ ಎಂಜಿನ್ನಿಗೂ ಹಾಕಬಹುದು, ಹಾನಿಯಿಲ್ಲ. ಅದರಲ್ಲಿ ಬೂದಿಯ ಅಂಶವನ್ನು ಶೇಕಡಾ 1ಕ್ಕೆ ಮಿತಿಗೊಳಿಸಿರುವುದು ಹೊಗೆನಳಿಗೆಯಲ್ಲಿ ಮಸಿಯ ಫಿಲ್ಟರ್ ಇರುವ ಹೊಸ ಲಾರಿಗಳಿಗಾಗಿ. ತಮ್ಮ ಲಾರಿಯಲ್ಲಿ ಅಂಥ ಫಿಲ್ಟರೇ ಇಲ್ಲದಿರುವಾಗ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಬೂದಿ ಕಡಿಮೆಯಾದರೆ ಗಂಧಕದ ಆಮ್ಲವನ್ನು ತಡೆಯುವ ಶಕ್ತಿಯೂ ಕುಗ್ಗುತ್ತದೆಂದು ಕೆಲವರು ಹೆದರುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲಿ ಸಿಗುತ್ತಿರುವ ಡೀಸೆಲಿನಲ್ಲಿ ಗಂಧಕದ ಮಿತಿ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಮಾತ್ರವಾದ್ದರಿಂದ ಆ ಹೆದರಿಕೆಗೂ ಈಗ ಆಧಾರವಿಲ್ಲ. ಎಫ್‌ಎ-4 ಎಂಬ ದರ್ಜೆಯನ್ನು ಮಾತ್ರ ಯಾರು ಹೇಳಿದರೂ ಹಾಕಬೇಡಿ. ಬಿಸಿಯಲ್ಲಿ ತೀರ ತೆಳುವಾಗುವ ಆ ಆಯಿಲ್ ಹೊಸ ವಿನ್ಯಾಸದ ಕೆಲವೇ ಎಂಜಿನ್ನುಗಳಿಗೆ ಹೇಳಿಮಾಡಿಸಿದ್ದು.

ತಮ್ಮ ಭಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಹುಕಾಲ ಆಯಿಲ್ ಬದಲಿಸದೆ ಬಿಟ್ಟ ಎಂಜಿನ್ನಿನಲ್ಲಿ ಕಟ್ಟಿಕೊಂಡ ಕೊಳೆ ಸಡಿಲವಾಗಿ ಫಿಲ್ಟರ್ ಕಟ್ಟುವುದುಂಟು. ತಾವು ಕಾಲಕಾಲಕ್ಕೆ ಬದಲಿಸುತ್ತ ಬಂದಿದ್ದರೆ ಆ ಭಯ ಬೇಡ. ಸಂದೇಹವಿದ್ದಲ್ಲಿ ಮೊದಲ ಸಲ ಅರ್ಧ ಅವಧಿಗೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಿದರೆ ಸಾಕು. ಹಾಕಿದ ಮರುದಿನವೇ ಆಯಿಲ್ ಕಪ್ಪಾಯಿತೆಂದು ಗಾಬರಿಯಾಗಬೇಡಿ, ಮಸಿಯನ್ನು ತಳದಲ್ಲಿ ಕೂರಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ ಆಗಿದೆ. ನನ್ನ ಸಲಹೆ: ಸಿಐ-4 ದರ್ಜೆಯ 15ಡಬ್ಲ್ಯು-40ನ್ನೇ ಮುಂದುವರಿಸಿ.

ಉತ್ತರ: ಕುಂಬಳೆಯ ನಿವೃತ್ತ ಮೆಕ್ಯಾನಿಕ್

ಉಪನ್ಯಾಸಕರು ಹೇಳಿದ್ದು ಸರಿಯಾಗಿದೆ. ಆದರೆ ಆಯಿಲ್ ಕೊಳ್ಳುವ ಮೊದಲು ಅದು ಎಲ್ಲಿಗೆ ಹೋಗುತ್ತಿದೆಯೆಂದು ನೋಡಿ ಅಣ್ಣ. ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಅಥವಾ ಸೀಲಿನ ಮೇಲೆ ಸಂಶಯ. ಎಂಜಿನ್ನಿನ ಮೇಲ್ಭಾಗದ ಹೆಡ್ ಕೆಲಸದಲ್ಲಿ ಮುಗಿಯಬಹುದು. ಲೋಡಿನಲ್ಲಿ ಏರು ಹತ್ತುವಾಗ ನೀಲಿ ಹೊಗೆ ಬಿಡದೆ ಬಂದರೆ, ಐಡಲಿಂಗಿನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ರಭಸವಾಗಿ ಗಾಳಿ ಉಗುಳಿದರೆ, ಪಿಸ್ಟನ್ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆಯಾದ ಲೈನರ್ ಸವೆದಿದೆಯೆಂದು ತಿಳಿಯಿರಿ. ಅದನ್ನು ಯಾವ ಡಬ್ಬಿಯ ಆಯಿಲೂ ಸರಿಪಡಿಸುವುದಿಲ್ಲ.

ಮುರಕಲ್ಲು ಹೇರುವ ಲಾರಿಯೆಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಈ ಕಡೆಯ ಲಾರಿಗಳ ಎಂಜಿನ್ನನ್ನು ಬೇಗ ಸವೆಸಿದ್ದು ಆಯಿಲಿಗಿಂತ ಹೆಚ್ಚಾಗಿ ಕೋರೆಯ ಕೆಂಪು ಧೂಳು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ ಬಿಳಿ ಬಟ್ಟೆಯಿಂದ ಒಳಗೆ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಧೂಳು ಫಿಲ್ಟರನ್ನು ದಾಟಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಮತ್ತೊಂದು ವಿಚಾರವೆಂದರೆ, ಮಳೆಗಾಲದಲ್ಲಿ ಪೇಟೆಯವರೆಗಿನ ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ನೀರಿನ ಪಸೆ ಉಳಿಯುತ್ತದೆ. ಕಿಲೋಮೀಟರ್ ಆಗಲಿಲ್ಲವೆಂದು ಕಾಯದೆ ಮಳೆಗಾಲ ಮುಗಿದೊಡನೆ ಆಯಿಲ್ ಬದಲಿಸಿಬಿಡಿ.

ಮರುನುಡಿ: ಬದಿಯಡ್ಕದ ಕೃಷಿಕ

ನಿನ್ನೆ ಹೋಸನ್ನು ಬಿಚ್ಚಿ ನೋಡಿದೆ. ಬಟ್ಟೆ ಕೆಂಪಾಯಿತು. ಕ್ಲ್ಯಾಂಪಿನ ಅಡಿಯಲ್ಲಿ ಹೋಸು ಬೆರಳಗಲ ಬಿರುಕು ಬಿಟ್ಟಿತ್ತು. ಮೇಲಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಏರಿನಲ್ಲಿ ನೀಲಿ ಹೊಗೆಯೂ ಇದೆ, ಮುಚ್ಚಳ ತೆಗೆದರೆ ಗಾಳಿಯೂ ಉಗುಳುತ್ತದೆ. ಹೋಸನ್ನೂ ಏರ್ ಫಿಲ್ಟರನ್ನೂ ಬದಲಿಸಿ, ಸಿಐ-4 ದರ್ಜೆಯ 15ಡಬ್ಲ್ಯು-40 ಹಾಕಿಸಿದ್ದೇನೆ. ಅಡಿಕೆ ಸಾಗಾಟ ಮುಗಿಯುವವರೆಗೆ ಪ್ರತಿದಿನ ಡಿಪ್‌ಸ್ಟಿಕ್ ನೋಡಿ ಕಡಿಮೆಯಾದಷ್ಟು ತುಂಬುತ್ತೇನೆ, ಆಮೇಲೆ ರಿಂಗ್ ಮತ್ತು ಲೈನರಿನ ಕೆಲಸಕ್ಕೆ ಬಿಡುತ್ತೇನೆ.

ಉತ್ತರ: ಕುಂಬಳೆಯ ನಿವೃತ್ತ ಮೆಕ್ಯಾನಿಕ್

ಒಳ್ಳೆಯದಾಯಿತು. ಬಿಚ್ಚುವ ದಿನ ಬೇರಿಂಗ್ ಶೆಲ್ಲುಗಳನ್ನೂ ತೆಗೆದು ನೋಡಲು ಹೇಳಿ, ಕ್ರ್ಯಾಂಕಿನ ಜರ್ನಲುಗಳನ್ನು (ಬೇರಿಂಗಿನೊಳಗೆ ತಿರುಗುವ ಭಾಗಗಳನ್ನು) ಮೈಕ್ರೋಮೀಟರಿನಲ್ಲಿ ಅಳೆಸಿ. ಪ್ರೆಶರ್ ಇಳಿದಿರುವುದರಿಂದ ರಿಂಗಿನ ಕೆಲಸ ಮಾತ್ರ ಮಾಡಿಸಿ ಮುಚ್ಚಬೇಡಿ.