ಪರದೆ ತುಂಬಾ ‘ಕಂಪ್ಯೂಟರ್ ಲಾಕ್ ಆಗಿದೆ’: ಫೋನ್ ಮಾಡಿಯಾಗಿದೆ, ಈಗ ಏನು ಮಾಡಬೇಕು?

ತೋಟದಮನೆ (ಶಿರಸಿ ತಾಲೂಕು)

ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ, ಐದನೇ ತಲೆಮಾರಿನ ಇಂಟೆಲ್, 4 ಜಿಬಿ ರ್‍ಯಾಮ್. ಅಪ್ಪಯ್ಯ ಪಹಣಿ ತೆಗೆಯಲು ಗೂಗಲ್‌ನಲ್ಲಿ ಹುಡುಕಿ ಯಾವುದೋ ಸೈಟಿಗೆ ಹೋಗಿದ್ದಾರೆ. ಪರದೆ ತುಂಬಾ ಕೆಂಪು ಎಚ್ಚರಿಕೆ, ಜೋರು ಸದ್ದು, ಒಂದು ಫೋನ್ ನಂಬರು. ಆ ನಂಬರಿಗೆ ಫೋನ್ ಮಾಡಿದ್ದಾರೆ. ಅವರು ಒಂದು ಆ್ಯಪ್ ಹಾಕಿಸಿ ಸುಮಾರು ಇಪ್ಪತ್ತು ನಿಮಿಷ ಕಂಪ್ಯೂಟರನ್ನು ತಾವೇ ಓಡಿಸಿದ್ದಾರೆ. ಒಟಿಪಿ ಕೊಟ್ಟಿಲ್ಲ, ಹಣ ಹೋಗಿಲ್ಲ. ಆದರೆ ಬ್ರೌಸರಿನಲ್ಲಿ ಜಿಮೇಲ್ ತೆರೆದೇ ಇತ್ತು, ಬ್ಯಾಂಕಿನ ಪಾಸ್‌ವರ್ಡ್ ಕೂಡ ಅಲ್ಲೇ ಉಳಿಸಿಟ್ಟಿದೆ. ಆ್ಯಪ್ ಅಳಿಸಿದರೆ ಸಾಕೇ?

ಕಾಳಿದಂಡೆ (ಕಾರವಾರ)

ಸಾಲದು. ಮೊದಲು ಲ್ಯಾನ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಆಫ್ ಮಾಡಿ. ಆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ. ಅಲ್ಲಿ ಒತ್ತಿದ ಅಕ್ಷರಗಳನ್ನೆಲ್ಲ ಬರೆದುಕೊಂಡು ಕಳಿಸುವ ತಂತ್ರಾಂಶ ಕೂತಿದ್ದರೆ ಹೊಸ ಪಾಸ್‌ವರ್ಡೂ ಅವರ ಕೈಗೇ ಹೋಗುತ್ತದೆ.

ಕೆಲಸವೆಲ್ಲ ಮೊಬೈಲಿನಿಂದ ಆಗಲಿ. ಬ್ಯಾಂಕಿಗೆ ಎಟಿಎಂ ಕಾರ್ಡಿನ ಹಿಂಬದಿಯ ನಂಬರಿಗೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿದರೆ ಮತ್ತೆ ಇಂಥವರ ನಂಬರೇ ಸಿಗಬಹುದು. ನೆಟ್‌ಬ್ಯಾಂಕಿಂಗ್ ತಾತ್ಕಾಲಿಕವಾಗಿ ನಿಲ್ಲಿಸಿ ಎನ್ನಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಜಿಮೇಲ್. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಅಲ್ಲಿಗೇ ಬರುವುದರಿಂದ ಅದನ್ನು ಮೊದಲು ಭದ್ರ ಮಾಡಬೇಕು. ಪಾಸ್‌ವರ್ಡ್ ಬದಲಿಸಿ, ‘ಯುವರ್ ಡಿವೈಸಸ್’ಗೆ ಹೋಗಿ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ, ರಿಕವರಿ ಫೋನು ನಿಮ್ಮದೇ ಇದೆಯೇ ನೋಡಿ. ಬಹಳ ಜನ ಬಿಟ್ಟುಬಿಡುವುದು ಜಿಮೇಲ್ ಸೆಟ್ಟಿಂಗ್ಸ್‌ನ ‘ಫಾರ್ವರ್ಡಿಂಗ್’ ಮತ್ತು ‘ಫಿಲ್ಟರ್ಸ್’. ಇವು ಮೊಬೈಲ್ ಆ್ಯಪಿನಲ್ಲಿ ಕಾಣುವುದಿಲ್ಲ, ಇನ್ನೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ನೋಡಿ. ಬ್ಯಾಂಕಿನ ಪತ್ರಗಳೆಲ್ಲ ಬೇರೆ ವಿಳಾಸಕ್ಕೆ ಹೋಗುವಂತೆ ಅಲ್ಲಿ ಒಂದು ಸಾಲು ಸೇರಿಸಿಟ್ಟರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಹೋಗುತ್ತಲೇ ಇರುತ್ತದೆ.

ಒಂದು ರೂಪಾಯಿ ಹೋದರೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯಬೇಕಾದ್ದರಿಂದ ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ದೂರು ಕೊಡಲು ಘಟ್ಟ ಇಳಿದು ಕಾರವಾರಕ್ಕೇ ಬರಬೇಕೆಂದಿಲ್ಲ, ಹತ್ತಿರದ ಠಾಣೆಯಲ್ಲೂ ಕೊಡಬಹುದು.

ಅಪ್ಪಯ್ಯನವರನ್ನು ದಯವಿಟ್ಟು ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಲ ಹೇಳದೆ ಮುಚ್ಚಿಡುತ್ತಾರೆ. ನಿಜವಾಗಿ ಹಣ ಹೋಗುವುದು ಆಗ.

ಅಘನಾಶಿನಿ (ಕುಮಟಾ)

ಕಾಳಿದಂಡೆಯವರು ಹೇಳಿದ್ದು ಮುಗಿದ ಮೇಲೆ ಕಂಪ್ಯೂಟರಿನ ವಿಚಾರ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್’ ತೆರೆದು ‘ಇನ್‌ಸ್ಟಾಲ್ಡ್ ಆನ್’ ಮೇಲೆ ಒತ್ತಿ, ಆ ದಿನ ಏನೇನು ಸೇರಿದೆ ನೋಡಿ. ಎನಿಡೆಸ್ಕ್, ಟೀಮ್‌ವ್ಯೂವರ್ ಥರದವು ಇದ್ದರೆ ಆಶ್ಚರ್ಯವಿಲ್ಲ. ಅವು ಸ್ವತಃ ವೈರಸ್ ಅಲ್ಲ, ದೂರದಿಂದ ರಿಪೇರಿಗೆ ಬಳಸುವ ನಿಜವಾದ ಆ್ಯಪ್‌ಗಳು. ಅದಕ್ಕೇ ಆ್ಯಂಟಿವೈರಸ್ ಅವನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಒಂದನ್ನು ಕಣ್ಣಿಗೆ ಕಾಣುವಂತೆ ಹಾಕಿ ಇನ್ನೊಂದನ್ನು ಸದ್ದಿಲ್ಲದೆ ಹಾಕುವುದೂ ಉಂಟು. ಜೊತೆಗೆ ‘ಯೂಸರ್ ಅಕೌಂಟ್ಸ್’ನ ‘ಮ್ಯಾನೇಜ್ ಅನದರ್ ಅಕೌಂಟ್’ನಲ್ಲಿ ಗೊತ್ತಿಲ್ಲದ ಹೆಸರು ಇದೆಯೇ ನೋಡಿ ಹೇಳಿ.

ತೋಟದಮನೆ

ಎನಿಡೆಸ್ಕ್ ಇದೆ. ‘ಸಪೋರ್ಟ್’ ಎಂಬ ಇನ್ನೊಂದು ಖಾತೆಯೂ ಇದೆ, ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದಿದೆ. ನಾವು ಮಾಡಿದ್ದಲ್ಲ.

ಅಘನಾಶಿನಿ (ಕುಮಟಾ)

ಹಾಗಾದರೆ ಸ್ಕ್ಯಾನ್ ಮಾಡುತ್ತ ಕೂರಬೇಡಿ. ಅಡ್ಮಿನ್ ಖಾತೆ ಮಾಡಿಟ್ಟವರು ಇನ್ನೇನು ಮಾಡಿಟ್ಟಿದ್ದಾರೆಂದು ಹುಡುಕಿ ಮುಗಿಸಲಾಗದು. ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ದಾರಿ.

ಫೋಟೊ, ಪಿಡಿಎಫ್, ವರ್ಡ್, ಎಕ್ಸೆಲ್ ಕಡತಗಳನ್ನು ಮಾತ್ರ ಪೆನ್‌ಡ್ರೈವಿಗೆ ತೆಗೆಯಿರಿ. ಇಎಕ್ಸ್‌ಇ, ಎಂಎಸ್‌ಐ, ಬ್ಯಾಟ್ ಎಂದು ಮುಗಿಯುವುದು ಯಾವುದೂ ಬೇಡ. ಹಳೆಯ ಪತ್ರಗಳು ನುಡಿ, ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಆ ಫಾಂಟ್ ಕಡತಗಳನ್ನೂ ತೆಗೆದಿಡಿ. ಇಲ್ಲದಿದ್ದರೆ ಹೊಸ ವಿಂಡೋಸಿನಲ್ಲಿ ಪತ್ರ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ.

8 ಜಿಬಿಯ ಇನ್ನೊಂದು ಖಾಲಿ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಅದನ್ನು ವಿಂಡೋಸ್ ಹಾಕುವ ಪೆನ್‌ಡ್ರೈವ್ ಆಗಿ ತಯಾರಿಸಿ. ನಿಮ್ಮ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ (ಅಂದರೆ ಅದರಿಂದಲೇ ಶುರುಮಾಡಿ) ‘ಕಸ್ಟಮ್’ ಆರಿಸಿ, ಹಾರ್ಡ್‌ಡಿಸ್ಕಿನ ಭಾಗಗಳನ್ನೆಲ್ಲ ಅಳಿಸಿ ಮುಂದುವರಿಯಿರಿ. ಡಿ ಡ್ರೈವ್ ಇದ್ದರೆ ಅದರಲ್ಲಿದ್ದದ್ದೂ ಹೋಗುತ್ತದೆ, ಮೊದಲೇ ತೆಗೆದಿದ್ದೀರೋ ಎರಡು ಸಲ ನೋಡಿ. ವಿಂಡೋಸ್ ಅಸಲಿಯಾಗಿದ್ದರೆ ಕೀ ಕೇಳಿದಾಗ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ. ಅದೇ ಮದರ್‌ಬೋರ್ಡ್ ಆದ್ದರಿಂದ ನೆಟ್ ಸಿಕ್ಕ ಮೇಲೆ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಒಂದು ತೊಡಕು: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ನಿಮ್ಮದಕ್ಕೆ ಹತ್ತುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ, ನಾನಂತೂ ಬೇಡ ಎನ್ನುತ್ತೇನೆ. ಮನೆಬಳಕೆಯವರಿಗಾಗಿ ಮೈಕ್ರೋಸಾಫ್ಟ್ ಮಾಡಿರುವ ಇಎಸ್‌ಯು (ಬೆಂಬಲ ಮುಗಿದ ಮೇಲಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್) ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇದೆ. ಬ್ರೌಸರು, ಪಿಡಿಎಫ್, ಪತ್ರ ಇಷ್ಟೇ ಕೆಲಸವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, 4 ಜಿಬಿಗೆ ಅದು ಹಗುರ. ಆದರೆ ನುಡಿ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದರೆ ತೊಂದರೆ.

ಯಾವುದೇ ಹಾಕಿ, ದಿನಬಳಕೆಗೆ ಅಪ್ಪಯ್ಯನವರಿಗೆ ಸ್ಟ್ಯಾಂಡರ್ಡ್ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಆಗ ಆ ಕಡೆಯವರು ಹೊಸ ಖಾತೆ ಮಾಡಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ನಿಮಗೊಂದು ಫೋನ್ ಬರುತ್ತದೆ. ಆದರೆ ಪರದೆ ತೋರಿಸುವುದನ್ನು ಇದು ತಡೆಯುವುದಿಲ್ಲ. ಎನಿಡೆಸ್ಕ್ ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ.

ಸ್ವರ್ಣವಲ್ಲಿ ದಾರಿ (ಶಿರಸಿ)

ಬ್ಯಾಕಪ್ಪಿಗೆ ಒಂದು ಮಾತು. ಹೊರಗಿನ ಹಾರ್ಡ್‌ಡಿಸ್ಕನ್ನು ಸದಾ ಚುಚ್ಚಿಯೇ ಇಡಬೇಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಅದನ್ನೂ ಮುಟ್ಟುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಾಪಿ ಮಾಡಿ, ‘ಇಜೆಕ್ಟ್’ ಮಾಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಮಳೆಗಾಲದ ತೇವಕ್ಕೆ ಅದು ಬೇಕೇ ಬೇಕು. ಫೈಬರ್ ತಂತಿಯ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಸಿಡಿಲಿನ ಹೊಡೆತ ಮೋಡೆಮಿನ ಅಡಾಪ್ಟರ್ ಮೂಲಕ ಬಂದು ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಹೋಗುತ್ತದೆ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗೂ ಕೇಬಲ್ಲೂ ಎರಡನ್ನೂ ತೆಗೆಯಿರಿ.

ಕಾಳಿದಂಡೆ (ಕಾರವಾರ)

ಮತ್ತೆ ಅಂಥ ಕೆಂಪು ಪರದೆ ಬಂದರೆ: ಎಸ್ಕೇಪ್ ಒತ್ತಿ ಹಿಡಿಯಿರಿ ಅಥವಾ ಎಫ್11. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಬ್ರೌಸರಿನ ಹೆಸರಿನ ಮೇಲೆ ‘ಎಂಡ್ ಟಾಸ್ಕ್’. ಮತ್ತೆ ತೆರೆದಾಗ ‘ರಿಸ್ಟೋರ್ ಪೇಜಸ್’ ಒತ್ತಬೇಡಿ, ಅದೇ ಪುಟ ಎದ್ದು ಬರುತ್ತದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರು ಇರುವುದೇ ಇಲ್ಲ.

ಪಹಣಿಗೆ ಗೂಗಲ್ ಹುಡುಕಾಟ ಬೇಡ. ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅನ್ನು ನೀವೇ ಟೈಪ್ ಮಾಡಿ ಬುಕ್‌ಮಾರ್ಕ್ ಪಟ್ಟಿಯಲ್ಲಿ ಕನ್ನಡದಲ್ಲೇ ‘ಪಹಣಿ’ ಎಂದು ಹೆಸರಿಟ್ಟು ಕೂರಿಸಿ. ಅಡಿಕೆ ಧಾರಣೆ ನೋಡುವ ಸೈಟಿಗೂ ಹಾಗೆಯೇ ಒಂದು.