ಮೀನಿಗಾಗಿ ಹೊಳೆಗೆ ಬಿಡುವ ನೀರನ್ನು ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಜಲಾಶಯಗಳ ನಿರ್ವಹಣೆ ಮತ್ತು ಅಳಿವಿನಂಚಿನ ನದಿಮೀನುಗಳ ರಕ್ಷಣೆಯ ಬಗ್ಗೆ ಕೊಪ್ಪಳ, ರಾಯಚೂರು ಕಡೆಯ ರೈತರೂ ಮೀನುಗಾರರೂ ಓದಬಹುದಾದ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಎನ್ವಿರಾನ್ಮೆಂಟಲ್ ಫ್ಲೋ’ ಎಂಬ ಮಾತಿಗೆ ತಕ್ಕ ಕನ್ನಡ ಬೇಕಾಗಿದೆ. ಹೊಳೆಯ ಜೀವಿಗಳು ಬದುಕಿ ಮರಿ ಮಾಡಲು ಬೇಕಾದಷ್ಟು ನೀರನ್ನು, ಬೇಕಾದ ಕಾಲದಲ್ಲಿ, ಬೇಕಾದ ಗುಣದಲ್ಲಿ ಹರಿಯಗೊಡುವುದು ಎಂಬುದು ಅದರ ಅರ್ಥ.

‘ಕನಿಷ್ಠ ಹರಿವು’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಅದು ಪ್ರಮಾಣವನ್ನಷ್ಟೇ ಹೇಳುತ್ತದೆ, ಕಾಲವನ್ನು ಬಿಟ್ಟುಬಿಡುತ್ತದೆ. ಗಂಗಾ ನದಿಯ ಮೇಲ್ಭಾಗಕ್ಕೆ ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಸರಾಸರಿ ಹರಿವಿನಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಶೇ. 20, ಅಕ್ಟೋಬರ್, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶೇ. 25, ಮಳೆಗಾಲದಲ್ಲಿ ಶೇ. 30 ಎಂದು ಋತುವಿಗೆ ತಕ್ಕಂತೆ ಹರಿವನ್ನು ಗೊತ್ತುಮಾಡಿರುವುದನ್ನು ನೋಡಿದರೆ, ಕಾಲವೇ ಈ ಪರಿಕಲ್ಪನೆಯ ಜೀವ ಎಂಬುದು ತಿಳಿಯುತ್ತದೆ. ‘ಪರಿಸರ ಹರಿವು’ ತಪ್ಪಲ್ಲ. ಆದರೆ ಮೊದಲ ಸಲ ಓದುವವರಿಗೆ ಅದು ಏನನ್ನೂ ಕಾಣಿಸುವುದಿಲ್ಲ.

ನನಗೆ ಹೊಳೆದದ್ದು ‘ಹೊಳೆಯ ಪಾಲು’. ತುಂಗಭದ್ರಾ ಜಲಾಶಯದ ಸುತ್ತ ‘ಪಾಲು’ ಎಂಬುದು ದಿನಬಳಕೆಯ ಮಾತು: ಕರ್ನಾಟಕದ ಪಾಲು, ಆಂಧ್ರದ ಪಾಲು, ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಪಾಲು. ಹೊಳೆಗೂ ಒಂದು ಪಾಲು ಉಂಟು ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಇದೇ ಮಾತು ನಮ್ಮ ನುಡಿಗಟ್ಟಿನಲ್ಲಿ ತದ್ವಿರುದ್ಧವಾದ ಅರ್ಥವನ್ನೂ ಹೊತ್ತಿದೆ. ‘ಹೊಳೆ ಪಾಲಾಯಿತು’ ಎಂದರೆ ಕಳೆದುಹೋಯಿತು, ಕೈಗೆ ಸಿಗದಂತಾಯಿತು ಎಂದೇ ಅರ್ಥ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ನೀರು ನದಿ ಪಾಲಾಗುತ್ತಿದೆ ಎಂದು ಈ ಭಾಗದ ಜನ ಮರುಗಿದ್ದು ಸಹಜವೇ ಆಗಿತ್ತು. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವಾಗ, ಎರಡನೇ ಬೆಳೆಗೆ ನೀರು ಸಿಕ್ಕೀತೋ ಇಲ್ಲವೋ ಎಂದು ಕಾಯುವ ರೈತನ ಕಿವಿಗೆ ‘ಹೊಳೆಯ ಪಾಲು’ ನಷ್ಟದ ಮಾತಾಗಿ ಕೇಳಿಸಿದರೆ ಬರಹದ ಉದ್ದೇಶವೇ ಕೆಡುತ್ತದೆ.

ಈ ಎರಡು ಅರ್ಥಗಳನ್ನು ಬೇರ್ಪಡಿಸಲೇಬೇಕು ಎನ್ನುವುದಕ್ಕೆ ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಒಳ್ಳೆಯ ಆಧಾರ. ಅದು 740 ಟಿಎಂಸಿ ಅಡಿಯನ್ನು ಹಂಚುವಾಗ ಪರಿಸರ ರಕ್ಷಣೆಗೆಂದು 10 ಟಿಎಂಸಿ ಅಡಿಯನ್ನೂ, ತಡೆಯಲಾಗದೆ ಸಮುದ್ರಕ್ಕೆ ಹರಿದುಹೋಗುವ ನೀರೆಂದು 4 ಟಿಎಂಸಿ ಅಡಿಯನ್ನೂ ಪ್ರತ್ಯೇಕವಾಗಿಯೇ ತೋರಿಸಿದೆ. ಮೊದಲನೆಯದು ಉದ್ದೇಶವಿಟ್ಟು ಕೊಟ್ಟದ್ದು, ಎರಡನೆಯದು ತಾನಾಗಿ ಹೋದದ್ದು. ಹಾಗಾದರೆ ‘ಹೊಳೆಗೆ ಮೀಸಲು ನೀರು’ ಎನ್ನಬಹುದೇ? ಸದ್ಯಕ್ಕೆ ನನ್ನ ಒಲವು ಇದರ ಕಡೆಗಿದೆ, ಏಕೆಂದರೆ ‘ಮೀಸಲು’ ಎಂಬಲ್ಲಿ ಕೊಡುವವರ ಸಂಕಲ್ಪವೂ ಇದೆ, ಇನ್ನೊಂದಕ್ಕೆ ಬಳಸಬಾರದೆಂಬ ಕಟ್ಟೂ ಇದೆ.

ಇನ್ನೊಂದು ತೊಡಕು ‘ಕೋಲ್ಡ್ ವಾಟರ್ ಪೂಲ್’, ಅಂದರೆ ಜಲಾಶಯದ ಆಳದಲ್ಲಿ ನಿಂತಿರುವ ತಣ್ಣೀರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ನದಿಗೆ ಕಟ್ಟಿದ ಶಾಸ್ತಾ ಅಣೆಕಟ್ಟು, ಚಳಿಗಾಲದಲ್ಲಿ ಕಡಲಿನಿಂದ ನದಿಗೆ ಬರುವ ಚಿನೂಕ್ ಸಾಲ್ಮನ್ ಮೀನುಗಳು ಮೊಟ್ಟೆಯಿಡುತ್ತಿದ್ದ ಮೇಲಿನ ತಣ್ಣನೆಯ ಒರತೆಯ ಹೊಳೆಗಳಿಗೆ ದಾರಿ ಮುಚ್ಚಿತು. ಈಗ ಅವು ಅಣೆಕಟ್ಟಿನ ಕೆಳಗೆ ಬಿರುಬೇಸಿಗೆಯಲ್ಲಿ ಮೊಟ್ಟೆಯಿಡುವುದರಿಂದ, ಜಲಾಶಯದ ಆಳದಲ್ಲಿ ಉಳಿದಿರುವ ತಣ್ಣೀರನ್ನು ಅಳೆದು ಬಿಟ್ಟು ಹೊಳೆಯನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಿಸಬೇಕಾಗುತ್ತದೆ. 2014 ಮತ್ತು 2015ರ ಬರದಲ್ಲಿ ಆ ತಣ್ಣೀರು ಸಾಲದೆ ಮೊಟ್ಟೆ, ಮರಿಗಳಲ್ಲಿ ಬಹುಪಾಲು ಸತ್ತವು. ಆಳದ ಈ ನೀರನ್ನು ‘ತಣ್ಣೀರು ದಾಸ್ತಾನು’ ಎಂದರೆ ಸಾಕೇ? ‘ತಳದ ನೀರು’ ಎಂದರೆ ನಮ್ಮವರು ಡೆಡ್ ಸ್ಟೋರೇಜ್, ಅಂದರೆ ಹೊರಗೆ ಹರಿಸಲಾಗದೆ ತಳದಲ್ಲೇ ಉಳಿಯುವ ನೀರು ಎಂದು ತಿಳಿಯುತ್ತಾರೆ, ಅದು ಬೇರೆ.

ಕೊನೆಯದು ಈ ಭಾಗದ ಬೆಸ್ತರ ನುಡಿಗೆ ಸಂಬಂಧಿಸಿದ್ದು. ಮೊದಲ ಮಳೆಯ ಹೊಸನೀರಿಗೆ ಎದುರಾಗಿ ಏರಿ ಬರುವ ಮೀನನ್ನು ಮಲೆನಾಡಿನಲ್ಲಿ ‘ಹತ್ತುಮೀನು’ ಎನ್ನುತ್ತಾರೆ. ‘ಮೈಗ್ರೇಷನ್’ ಎಂಬುದಕ್ಕೆ ಪಠ್ಯಪುಸ್ತಕದ ‘ವಲಸೆ’ಗಿಂತ ಇದು ಎಷ್ಟೋ ಮೇಲು, ವಲಸೆ ಎಂದರೆ ನಮ್ಮ ಜಿಲ್ಲೆಗಳಲ್ಲಿ ಗುಳೆ ಹೋಗುವುದೇ ನೆನಪಾಗುತ್ತದೆ. ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆಯ ಹೊಳೆದಂಡೆಯ ಊರುಗಳಲ್ಲಿ ಇದಕ್ಕೆ ಬೇರೆ ಮಾತಿದೆಯೇ? ತೀವ್ರವಾಗಿ ಅಳಿವಿನ ಅಪಾಯದಲ್ಲಿರುವ ‘ಹರಗಿ’ ಮೀನನ್ನು ಅಲ್ಲಿಯ ಹಿರಿಯರು ಅದೇ ಹೆಸರಿನಿಂದ ಕರೆಯುತ್ತಾರೆಯೇ, ಅದು ಮೊಟ್ಟೆಯಿಡುವ ಜಾಗಕ್ಕೆ, ಕಾಲಕ್ಕೆ ಅವರಲ್ಲಿ ಯಾವ ಮಾತುಗಳಿವೆ? ಬಲ್ಲವರು ಊರಿನ ಹೆಸರಿನೊಂದಿಗೆ, ಸಾಧ್ಯವಾದರೆ ಆಡುವ ವಾಕ್ಯವನ್ನೇ ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.