ಸಹಾಯ ಬೇಕು: ಸೆಂಟ್‌ಓಎಸ್ 7ರಿಂದ ಅಲ್ಮಾಲಿನಕ್ಸ್ 9ಕ್ಕೆ ಹೋಗುವಾಗ ಕನ್ನಡ ದತ್ತಾಂಶ ಕೆಡದಂತೆ ಸಾಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಕಾಫಿ ಬೆಳೆಗಾರರ ಬಳಗವು ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆಯ ತೋಟಗಳ ಮಳೆ ಲೆಕ್ಕವನ್ನು ಇಂಚು, ಸೆಂಟ್ಸ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ದಾಖಲಿಸುವ ಜಾಲತಾಣವೊಂದನ್ನು ನಡೆಸುತ್ತಿದ್ದು, ಅದರ ಸರ್ವರ್ ಇನ್ನೂ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಇದೆ. ಆ ಆವೃತ್ತಿಯ ಭದ್ರತಾ ಅಪ್‌ಡೇಟ್‌ಗಳು 2024ರ ಜೂನ್ 30ಕ್ಕೆ ನಿಂತುಹೋಗಿರುವುದರಿಂದ, 2032ರವರೆಗೆ ಬೆಂಬಲವಿರುವ, ಅದೇ ಬಗೆಯ ಅಲ್ಮಾಲಿನಕ್ಸ್ 9ಕ್ಕೆ ಹೋಗಲು ನಿರ್ಧರಿಸಿದ್ದೇವೆ. ಹಳೆಯದನ್ನೇ ಮೇಲ್ದರ್ಜೆಗೆ ಏರಿಸುವುದಕ್ಕಿಂತ ಹೊಸ ಸರ್ವರ್ ಸಿದ್ಧಪಡಿಸಿ ದತ್ತಾಂಶ ಸಾಗಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಜಾಲತಾಣದ ಕೋಡ್ ಇರುವ ಪಿಎಚ್‌ಪಿ ಭಾಷೆಯ 7.0 ಆವೃತ್ತಿಯಲ್ಲೇ ಕೈಬಿಡಲಾದ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನು ಪಿಡಿಒಗೆ (ಡೇಟಾಬೇಸ್ ಜೊತೆ ವ್ಯವಹರಿಸುವ ಹೊಸ ವಿಧಾನ) ಬದಲಿಸಿಯಾಗಿದೆ.

ತೊಡಕಿರುವುದು ಡೇಟಾಬೇಸಿನಲ್ಲಿ. ನಮ್ಮ ಡೇಟಾಬೇಸ್ ತಂತ್ರಾಂಶವಾದ ಮರಿಯಾಡಿಬಿ 5.5ರ ಹಳೆಯ ಟೇಬಲ್‌ಗಳು ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರ ಸಂಕೇತ) ಎಂದು ನಮೂದಾಗಿದ್ದರೂ ಒಳಗಿರುವುದು ಯುಟಿಎಫ್-8 (ಕನ್ನಡವೂ ಸೇರಿದಂತೆ ಎಲ್ಲ ಲಿಪಿಗಳ ಸಂಕೇತ) ಬೈಟುಗಳು. ಹೀಗಾಗಿ ಪರೀಕ್ಷಾ ಸರ್ವರಿನಲ್ಲಿ ‘ಮೂಡಿಗೆರೆ’ ಎಂಬ ಹೆಸರು, ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಮೂರು ಮೂರು ಬೈಟುಗಳಂತೆ, ಗುರುತೇ ಸಿಗದ ಚಿಹ್ನೆಗಳಾಗಿ ಒಡೆದು ಕಾಣುತ್ತಿದೆ. ಲ್ಯಾಟಿನ್1 ಎಂದೇ ಡಂಪ್ (ದತ್ತಾಂಶದ ಕಡತರೂಪದ ಪ್ರತಿ) ತೆಗೆದು, ಆ ಕಡತದಲ್ಲಿರುವ ‘ಲ್ಯಾಟಿನ್1’ ಎಂಬ ನಮೂದನ್ನು ಯುಟಿಎಫ್8ಎಂಬಿ4 (ಯುಟಿಎಫ್-8ರ ಪೂರ್ಣ ರೂಪ) ಎಂದು ತಿದ್ದಿ ತುಂಬಿಸಿದರೆ ಇವು ಸರಿಹೋಗುತ್ತವೆ. ಆದರೆ ನಂತರ ಸೇರಿಸಿದ, ನಿಜವಾಗಿಯೂ ಯುಟಿಎಫ್8 ಆಗಿರುವ ಟೇಬಲ್‌ಗಳ ಕನ್ನಡವೆಲ್ಲ ಅದೇ ಡಂಪಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ.

ಎರಡು ಬಗೆಯ ಟೇಬಲ್‌ಗಳಿಗೂ ಪ್ರತ್ಯೇಕ ಡಂಪ್ ತೆಗೆಯುವುದು ಉತ್ತಮವೇ, ಅಥವಾ ನಕಲು ಪ್ರತಿಯೊಂದರಲ್ಲಿ ಕಾಲಂಗಳನ್ನು ಮೊದಲು ಬ್ಲಾಬ್ (ಅಕ್ಷರ ಸಂಕೇತವಿಲ್ಲದ ಬರಿಯ ಬೈಟುಗಳ ಬಗೆ) ಮಾಡಿ ಬಳಿಕ ಯುಟಿಎಫ್8ಎಂಬಿ4ಕ್ಕೆ ತರುವುದು ಹೆಚ್ಚು ಸುರಕ್ಷಿತವೇ? ಸಾಗಿಸಿದ ಮೇಲೆ ಎಲ್ಲ ಸಾಲುಗಳನ್ನೂ ತಾಳೆ ನೋಡಲು ನೀವು ಯಾವ ಕ್ರಮ ಅನುಸರಿಸುತ್ತೀರಿ? ಎಷ್ಟೋ ತೋಟಗಳ ಲೆಕ್ಕಕ್ಕೆ ಬೇರೆಲ್ಲೂ ಪ್ರತಿಯಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಶುರುವಾದರೆ ದಿನವೂ ದಾಖಲೆ ಬರುವುದರಿಂದ ಅಷ್ಟರೊಳಗೆ ಕೆಲಸ ಮುಗಿಸಬೇಕಿದೆ. ಇಂಥ ಮಿಶ್ರ ದತ್ತಾಂಶವನ್ನು ಸಾಗಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.